ದುಡಿಯುವ ನಾಯಿಗಳಲ್ಲಿ ಹಠಾತ್ತಾಗಿ ಉಂಟಾಗುವ ಕಾಲುಬೇನೆ ಮತ್ತು ಮಾಂಸಖಂಡಗಳ ಪೆಟ್ಟು

ಎತ್ತಿನ ಕಾಲು ಕುಂಟಾದರೆ ಒಕ್ಕಲಿಗನು ಅಂದೇ ಉಳುವುದನ್ನು ನಿಲ್ಲಿಸಿ ಪಶುವೈದ್ಯರನ್ನು ಕಾಣುವನು. ನಾಯಿಯ ಕಾಲು ಕುಂಟಾದರೆ ಮಾತ್ರ “ನಾಲ್ಕು ದಿನಕ್ಕೆ ತಾನೇ ಸರಿಹೋಗುವುದು” ಎಂದು ಸುಮ್ಮನಿರುವುದು ವಾಡಿಕೆ. ಆದರೆ ಕುರಿಹಿಂಡನ್ನು ಕಾಯುವ ನಾಯಿಯೂ ಹೊಲತೋಟಗಳನ್ನು ಹಂದಿ ಕೋತಿಗಳಿಂದ ರಕ್ಷಿಸುವ ನಾಯಿಯೂ ಎತ್ತಿನಂತೆಯೇ ದುಡಿಮೆಯ ಪ್ರಾಣಿಗಳು. ಕೊಪ್ಪಳ, ಬಳ್ಳಾರಿ, ಬಾಗಲಕೋಟೆ ಕಡೆಯ ಬಯಲುಗಳಲ್ಲಿ ಊರಿಂದೂರಿಗೆ ಮಂದೆ ಹೊಡೆದುಕೊಂಡು ಹೋಗುವ ಕುರುಬರು ರಾತ್ರಿ ಹೊಲಗಳಲ್ಲಿ ಕುರಿ ನಿಲ್ಲಿಸುವರು. ಆ ಹೊಲಕ್ಕೆ ಗೊಬ್ಬರ ದೊರೆಯುವುದು. ಅಂತಹ ರಾತ್ರಿಗಳಲ್ಲಿ ತೋಳನ ಬರವನ್ನು ಮೊದಲು ತಿಳಿಯುವುದು ನಾಯಿಯೇ. ಒಂದು ನಾಯಿ ಕೆಲಸಕ್ಕೆ ಬಾರದೆ ಹೋದರೆ ನಷ್ಟವು ಕುರಿಗಳ ಲೆಕ್ಕದಲ್ಲಿಯೇ ಕಾಣಿಸಿಕೊಳ್ಳುವುದು.

ಈ ಲೇಖನದಲ್ಲಿ ಮುಖ್ಯವಾಗಿ ತಿಳಿಸತಕ್ಕ ಸಂಗತಿಯು ಒಂದೇ. ಮಾಂಸಖಂಡಕ್ಕೆ ಪೆಟ್ಟಾದ ನಾಯಿಗಳು ಮೊದಲನೆಯ ಪೆಟ್ಟಿನಿಂದ ಕೆಡುವುದಕ್ಕಿಂತಲೂ, ಕುಂಟು ನಿಂತೊಡನೆ ಪುನಃ ಓಡಿಸುವುದರಿಂದ ಕೆಡುವುದೇ ಹೆಚ್ಚು. ನೋವು ಇಳಿಯುವುದಕ್ಕೆ ವಾರ ಸಾಕು. ಗಾಯ ಕೂಡುವುದಕ್ಕೆ ವಾರಗಳು ಬೇಕು. ಇವೆರಡರ ನಡುವಣ ಅಂತರದಲ್ಲಿಯೇ ಒಳ್ಳೆಯ ನಾಯಿಯು ಹಾಳಾಗುವುದು.

ಕಾಲಿನ ರಚನೆ

ನಾಯಿಯು ನಿಂತಿರುವಾಗ ಅದರ ಭಾರದ ನೂರಕ್ಕೆ ಸುಮಾರು ೬೦ ಪಾಲು ಮುಂಗಾಲುಗಳ ಮೇಲೂ ೪೦ ಪಾಲು ಹಿಂಗಾಲುಗಳ ಮೇಲೂ ಇರುವುದು. ಓಡುವಾಗ ದೇಹವನ್ನು ಮುಂದಕ್ಕೆ ತಳ್ಳುವ ಕೆಲಸವು ಬಹುಮಟ್ಟಿಗೆ ಹಿಂಗಾಲುಗಳದು. ಮೂಳೆಗೆ ಚಲನೆಯನ್ನು ಕೊಡುವುದು ಮಾಂಸಖಂಡ. ಮಾಂಸಖಂಡವನ್ನು ಮೂಳೆಗೆ ಕಟ್ಟುವ ಬಿಳಿಯ ಹುರಿಗೆ ಸ್ನಾಯುರಜ್ಜುವೆಂದೂ, ಮೂಳೆಯನ್ನು ಮೂಳೆಗೆ ಕಟ್ಟುವ ಪಟ್ಟಿಗೆ ಅಸ್ಥಿಬಂಧವೆಂದೂ ಹೆಸರು. ಮಾಂಸಖಂಡದಲ್ಲಿ ರಕ್ತಸಂಚಾರ ಹೆಚ್ಚಾಗಿರುವುದರಿಂದ ಅದು ಬೇಗ ಕೂಡುವುದು. ರಜ್ಜುವಿಗೂ ಬಂಧಕ್ಕೂ ರಕ್ತ ಕಡಿಮೆಯಾದುದರಿಂದ ಅವು ಕೂಡಲು ತಿಂಗಳುಗಳು ಹಿಡಿಯುವುವು.

ಮುಧೋಳದ ನಾಯಿಯ ದೇಹವು ವೇಗಕ್ಕಾಗಿಯೇ ಆದದ್ದು. ತೆಳುವಾದ ಹೊಟ್ಟೆ, ಆಳವಾದ ಎದೆ, ಉದ್ದವಾದ ಕಾಲು, ಬಿಲ್ಲಿನಂತೆ ಬಾಗುವ ಬೆನ್ನು ಇವು ಅದರ ಲಕ್ಷಣಗಳು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಪೋಷಣೆಯಿಂದ ಈ ತಳಿಯು ಹೆಸರಾಯಿತು. ೨೦೦೫ರಲ್ಲಿ ಭಾರತೀಯ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಈ ತಳಿಯ ಸಂಶೋಧನಾ ಕೇಂದ್ರವಿದೆ. ಹಿಂದೆ ಈ ನಾಯಿಗಳನ್ನು ಮೊಲದ ಬೇಟೆಗೆ ಬಿಡುತ್ತಿದ್ದರು. ವನ್ಯಜೀವಿ ಸಂರಕ್ಷಣಾ ಕಾನೂನಿನ ಪ್ರಕಾರ ಆ ಬೇಟೆಯು ಈಗ ನಿಷಿದ್ಧ. ಆದರೆ ಕುಳಿತಲ್ಲಿಂದ ಎದ್ದೊಡನೆಯೇ ಪೂರ್ಣ ವೇಗದಿಂದ ಹಾರುವ ಸ್ವಭಾವವು ಅದರ ಮೈಯಲ್ಲಿ ಹಾಗೆಯೇ ಉಳಿದಿದೆ. ಮೈ ಕಾಯುವುದಕ್ಕೆ ಮುಂಚೆ ಹೀಗೆ ಹಾರಿದಾಗಲೂ, ಓಟದ ಮಧ್ಯದಲ್ಲಿ ಥಟ್ಟನೆ ತಿರುಗಿದಾಗಲೂ, ದಣಿದ ಮೇಲೆ ಓಡಿಸಿದಾಗಲೂ ಮಾಂಸಖಂಡದ ಎಳೆಗಳು ಹರಿಯುವುವು.

ತಿರುವಿನ ಬಲವೆಷ್ಟೆಂಬುದಕ್ಕೆ ಒಂದು ನಿದರ್ಶನ. ಪಾಶ್ಚಾತ್ಯ ದೇಶಗಳಲ್ಲಿ ಗ್ರೇಹೌಂಡ್ ನಾಯಿಗಳನ್ನು ಪಂದ್ಯದ ಹಾದಿಯಲ್ಲಿ ಸದಾ ಎಡಕ್ಕೆ ತಿರುಗುವಂತೆ ಓಡಿಸುವರು. ಆ ನಾಯಿಗಳಲ್ಲಿ ಹಿಂಗಾಲಿನ ಗಿಣ್ಣಿನ ಒಂದು ಸಣ್ಣ ಮೂಳೆಯು ಮುರಿಯುವುದುಂಟು. ಮುರಿಯುವುದು ಬಹುಪಾಲು ಬಲಗಾಲಿನಲ್ಲಿಯೇ. ಎಡಕ್ಕೆ ತಿರುಗುವಾಗ ಹೊರಮಗ್ಗುಲಿನ ಕಾಲಿನ ಗಿಣ್ಣು ಪ್ರತಿ ಸುತ್ತಿನಲ್ಲಿಯೂ ಒತ್ತಡಕ್ಕೆ ಸಿಕ್ಕುವುದೇ ಇದಕ್ಕೆ ಕಾರಣ.

ಪರೀಕ್ಷಿಸುವ ಕ್ರಮ

ನಾಯಿಯು ಕುಂಟಿದೊಡನೆ ಅದನ್ನು ಕರೆದು ಕಟ್ಟತಕ್ಕದ್ದು. ನೋವಿನಲ್ಲಿ ಸಾಧುವಾದ ನಾಯಿಯೂ ಯಜಮಾನನನ್ನು ಕಚ್ಚುವುದರಿಂದ ಮೃದುವಾದ ಬಟ್ಟೆಯಿಂದ ಮೂತಿಯನ್ನು ಕಟ್ಟಿ ನೋಡುವುದು ಒಳ್ಳೆಯದು. ಏದುಸಿರು ಬಿಡುತ್ತಿರುವ ಅಥವಾ ವಾಂತಿ ಮಾಡುತ್ತಿರುವ ನಾಯಿಗೆ ಮಾತ್ರ ಹಾಗೆ ಕಟ್ಟಕೂಡದು.

೧. ಯಾವ ಕಾಲು ಎಂಬುದನ್ನು ಮೊದಲು ನಿರ್ಧರಿಸಬೇಕು. ನಾಯಿಯನ್ನು ಸಮನೆಲದಲ್ಲಿ ನಿಧಾನವಾಗಿ ನಡೆಸಿ ನೋಡಿರಿ. ಮುಂಗಾಲು ಬೇನೆಯಾಗಿದ್ದರೆ, ನೋವಿನ ಕಾಲನ್ನು ಊರುವಾಗ ತಲೆ ಮೇಲೇಳುವುದು, ಒಳ್ಳೆಯ ಕಾಲನ್ನು ಊರುವಾಗ ತಲೆ ಕೆಳಗಿಳಿಯುವುದು.

೨. ಅಂಗಾಲನ್ನು ನೋಡಬೇಕು. ಬಳ್ಳಾರಿ ಜಾಲಿಯ ಮುಳ್ಳು, ಗಾಜಿನ ಚೂರು, ಸೀಳಿದ ಉಗುರು, ಕಾದ ಡಾಂಬರಿನಿಂದ ಸುಟ್ಟ ಮೆತ್ತೆ ಇವೇ ಹಠಾತ್ತಾದ ಕುಂಟಿಗೆ ಸಾಮಾನ್ಯ ಕಾರಣಗಳು. ಬೆರಳುಗಳ ಸಂದಿಯನ್ನು ಬಿಡಿಸಿ ನೋಡದೆ ಮೇಲಿನ ಭಾಗವನ್ನು ಮುಟ್ಟುವುದು ವ್ಯರ್ಥ.

೩. ಬೆರಳಿನಿಂದ ಮೇಲಕ್ಕೆ ಒಂದೊಂದೇ ಕೀಲನ್ನು ಮೆಲ್ಲಗೆ ಬಾಗಿಸಿ, ಮಾಂಸಖಂಡಗಳನ್ನು ಒತ್ತಿ, ಎದುರು ಕಾಲಿನೊಡನೆ ಹೋಲಿಸಬೇಕು. ಬಾವು, ಬಿಸಿ, ಗುಳಿ, ಗಂಟು ಇವುಗಳಲ್ಲಿ ಯಾವುದಿದ್ದರೂ ಎರಡು ಕಾಲುಗಳ ಹೋಲಿಕೆಯಲ್ಲಿ ತಿಳಿಯುವುದು.

೪. ಕೊನೆಗೆ, ಪಾದವನ್ನು ಹಿಂದುಮುಂದಾಗಿ ಮಡಿಸಿ ನೆಲದ ಮೇಲಿಟ್ಟು ನೋಡಬೇಕು. ನರಗಳು ಸರಿಯಾಗಿರುವ ನಾಯಿಯು ಪಾದವನ್ನು ಕೂಡಲೇ ತಿರುಗಿಸಿಕೊಳ್ಳುವುದು. ತಿರುಗಿಸಿಕೊಳ್ಳದಿದ್ದರೆ ಕೇಡು ಬೆನ್ನುಹುರಿಯಲ್ಲಿಯೋ ನರದಲ್ಲಿಯೋ ಇರುವುದೆಂದು ತಿಳಿದು ತಡಮಾಡದೆ ವೈದ್ಯರಲ್ಲಿಗೆ ಸಾಗಿಸಬೇಕು.

ಮಾಂಸಖಂಡಗಳ ಮುಖ್ಯ ಪೆಟ್ಟುಗಳು

ತೊಡೆಯ ಒಳಮಗ್ಗುಲು: ವೇಗದ ನಾಯಿಗಳಲ್ಲಿ ಪ್ರಸಿದ್ಧವಾದ ಪೆಟ್ಟು ಇದು. ಓಡುತ್ತಿರುವ ನಾಯಿಯು ಕೂಗಿ ಹೆಜ್ಜೆ ತಪ್ಪುವುದು. ಒಂದೆರಡು ಗಂಟೆಗಳೊಳಗೆ ತೊಡೆಯ ಒಳಭಾಗವು ಊದಿಕೊಂಡು, ಮರುದಿನ ಚರ್ಮದ ಕೆಳಗೆ ರಕ್ತವು ನೀಲಿಯಾಗಿ ಕಾಣುವುದು. ಪೂರ್ತಿ ಹರಿದಿದ್ದರೆ ಮಾಂಸವು ಕೆಳಕ್ಕೆ ಜಾರಿ ಗಂಟಾಗಿ ನಿಲ್ಲುವುದು. ಇಂತಹದನ್ನು ಕೆಲವು ದಿನಗಳೊಳಗೆ ಶಸ್ತ್ರಚಿಕಿತ್ಸೆಯಿಂದ ಹೊಲಿಸಿದರೆ ಗುಣವು ಚೆನ್ನಾಗಿರುವುದು. ಹಾಗೆಯೇ ಬಿಟ್ಟರೆ ಹರಿದ ಸ್ಥಳದಲ್ಲಿ ನಾರು ಬೆಳೆದು ಮಾಂಸವು ಹಗ್ಗದಂತೆ ಗಟ್ಟಿಯಾಗುವುದು. ಪೊಲೀಸು ಮತ್ತು ಸೈನ್ಯದ ಕೆಲಸದಲ್ಲಿರುವ ಜರ್ಮನ್ ಷೆಫರ್ಡ್ ನಾಯಿಗಳಲ್ಲಿ ತೊಡೆಯ ಮಾಂಸವು ಹೀಗೆ ನಾರಾಗುವ ಬೇನೆಯು ಹೆಚ್ಚಾಗಿ ಕಂಡುಬಂದಿದೆ. ಹೆಜ್ಜೆ ಮೋಟಾಗಿ, ಪಾದವು ಒಳಕ್ಕೂ ಗಿಣ್ಣು ಹೊರಕ್ಕೂ ತಿರುಗುವುದೇ ಅದರ ಗುರುತು. ಆ ನಾರನ್ನು ಕತ್ತರಿಸಿ ತೆಗೆದರೂ ಕೆಲವು ತಿಂಗಳುಗಳಲ್ಲಿ ಪುನಃ ಬೆಳೆಯುವುದು ಸಾಮಾನ್ಯ.

ತೊಡೆಯ ಸಂದು: ಜಾರುನೆಲದಲ್ಲಿ ಹಿಂಗಾಲುಗಳು ಅಗಲವಾಗಿ ಸರಿದಾಗ ಸೊಂಟದಿಂದ ತೊಡೆಗೆ ಬರುವ ಒಳಗಣ ಮಾಂಸಖಂಡಕ್ಕೆ ಪೆಟ್ಟಾಗುವುದು. ಹೊರಗೆ ಬಾವು ಕಾಣದು. ನಾಯಿಯು ನಡೆಯುವುದು, ಆದರೆ ಗೋಡೆ ಹಾರಲು ಒಲ್ಲದು. ಕಾಲನ್ನು ಹಿಂದಕ್ಕೆ ಚಾಚಿದರೆ ಮುಲುಗುವುದು. ಇದನ್ನು ಸೋಮಾರಿತನವೆಂದು ಬಗೆದು ನಾಯಿಯನ್ನು ಹೊಡೆಯುವವರಿದ್ದಾರೆ. ಹಾರುತ್ತಿದ್ದ ನಾಯಿಯು ಹಾರದೆ ನಿಂತರೆ ಅದಕ್ಕೊಂದು ಕಾರಣವಿರಲೇಬೇಕು.

ಹೆಗಲು: ಪೊದೆಗಳಲ್ಲಿ ನುಗ್ಗಿ ಓಡುವ ನಾಯಿಗಳಿಗೆ ಹೆಗಲಿನ ಹೊರಮಗ್ಗುಲಿನ ಮಾಂಸವು ಹರಿಯುವುದುಂಟು. ಇದರ ನಡವಳಿಕೆಯು ಮೋಸಕರವಾದದ್ದು. ಮೊದಲ ದಿನ ತೀವ್ರವಾದ ಕುಂಟು. ಹತ್ತು ಹದಿನಾಲ್ಕು ದಿನಗಳಲ್ಲಿ ಕುಂಟು ಮಾಯ. ಯಜಮಾನನು ಗುಣವಾಯಿತೆಂದು ಸಂತೋಷಪಡುವಷ್ಟರಲ್ಲಿ, ಮತ್ತೆರಡು ಮೂರು ವಾರಗಳ ಮೇಲೆ ಕಾಲು ಹೊರಕ್ಕೆ ಬೀಸುತ್ತ ನಡೆಯತೊಡಗುವುದು. ಒಳಗೆ ಮಾಂಸವು ನಾರಾಗಿ ಕುಗ್ಗಿರುವುದೇ ಇದಕ್ಕೆ ಕಾರಣ. ಈ ಹಂತದಲ್ಲಿ ಎಣ್ಣೆ ತಿಕ್ಕುವುದರಿಂದ ಪ್ರಯೋಜನವಿಲ್ಲ. ಕುಗ್ಗಿದ ರಜ್ಜುವನ್ನು ವೈದ್ಯರು ಕತ್ತರಿಸಿ ಬಿಡಿಸಿದರೆ ನಾಯಿಯು ಸಾಮಾನ್ಯವಾಗಿ ಚೆನ್ನಾಗಿ ನಡೆಯುವುದು.

ಮಂಡಿ: ಓಟದ ಮಧ್ಯೆ ಕಾಲು ಗುಂಡಿಯಲ್ಲಿ ಸಿಕ್ಕಿ ತಿರುಚಿದಾಗ ಮಂಡಿಯೊಳಗಿನ ಅಡ್ಡಬಂಧವು ಹರಿಯುವುದು. ನಾಯಿಯು ಹಿಂಗಾಲನ್ನು ಮೇಲೆತ್ತಿಕೊಂಡು, ನಿಂತಾಗ ಬೆರಳ ತುದಿಯನ್ನು ಮಾತ್ರ ತಾಗಿಸುವುದು. ಇದು ಮಾಂಸದ ಪೆಟ್ಟಲ್ಲ. ಬೆಳೆದ ದೊಡ್ಡ ನಾಯಿಗಳಲ್ಲಿ ಕಟ್ಟಿಹಾಕಿದ ಮಾತ್ರಕ್ಕೆ ಇದು ಸರಿಹೋಗುವುದು ಅಪರೂಪ. ಶಸ್ತ್ರಚಿಕಿತ್ಸೆಯ ವಿಷಯವಾಗಿ ವೈದ್ಯರ ಸಲಹೆ ಪಡೆಯಬೇಕು.

ಪೆಟ್ಟಿನಂತೆ ತೋರುವ ಬೇರೆ ಬೇನೆಗಳು

ಕಾಲು ಎಳೆಯುವ ನಾಯಿಗಳೆಲ್ಲಕ್ಕೂ ಪೆಟ್ಟೇ ಆಗಿರಬೇಕೆಂದಿಲ್ಲ. ಕೆಳಗಿನವುಗಳನ್ನು ಮನಸ್ಸಿನಲ್ಲಿಡಬೇಕು.

ಹುಚ್ಚುನಾಯಿ ರೋಗ: ಗಾಯವಾಗಲಿ ಬಾವಾಗಲಿ ಇಲ್ಲದೆ ಹಿಂಗಾಲು ಸೋತು, ಜೊತೆಯಲ್ಲಿ ಕೆಳದವಡೆ ಜೋತುಬಿದ್ದು, ಜೊಲ್ಲು ಸುರಿದು, ಕೂಗು ಬದಲಾಗಿ, ನಡತೆ ಕೆಟ್ಟಿದ್ದರೆ ಆ ನಾಯಿಯನ್ನು ಮುಟ್ಟಲೇಕೂಡದು. ಗಂಟಲಿನಲ್ಲಿ ಎಲುಬು ಸಿಕ್ಕಿದೆಯೆಂದು ಬಾಯೊಳಗೆ ಕೈಹಾಕುವುದು ಪ್ರಾಣಕ್ಕೆ ಅಪಾಯ. ಕಚ್ಚಿದ ಅಥವಾ ಜೊಲ್ಲು ತಾಗಿದ ಗಾಯವನ್ನು ಸಾಬೂನಿನಿಂದ, ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳತಕ್ಕದ್ದು. ಈ ರೋಗದ ಲಕ್ಷಣಗಳು ತೋರಿದ ಮೇಲೆ ಬದುಕಿಸುವ ಔಷಧವಿಲ್ಲ. ನಾಯಿಗೆ ಮೂರು ತಿಂಗಳ ವಯಸ್ಸಿನಲ್ಲಿ ಮೊದಲನೆಯ ಲಸಿಕೆಯನ್ನೂ ಅನಂತರ ವರ್ಷಕ್ಕೊಮ್ಮೆಯೂ ಹಾಕಿಸುವುದೇ ಉಪಾಯ.

ಬಿಸಿಲಿನ ಬಾಧೆ: ನಾಯಿಗೆ ಮೈಬೆವರು ಇಲ್ಲ, ಏದುಸಿರಿನಿಂದಲೇ ಅದು ಮೈಯ ಕಾವನ್ನು ಕಳೆಯಬೇಕು. ಅದರ ಸಹಜವಾದ ಕಾವು ಫ್ಯಾರನ್‌ಹೀಟ್ ಮಾನದಲ್ಲಿ ಸುಮಾರು ೧೦೦.೫ರಿಂದ ೧೦೨.೫ ಡಿಗ್ರಿ, ೧೦೬ಕ್ಕೆ ಏರಿದರೆ ಪ್ರಾಣಾಪಾಯ. ಬಿಸಿಲಿನಲ್ಲಿ ಓಡಿದ ನಾಯಿಯು ತೂರಾಡಿ ಬಿದ್ದರೆ ನೆರಳಿಗೆ ತಂದು, ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸಬೇಕು; ಹೀಗೆ ತಂಪು ಮಾಡಿದ ಮೇಲೆ ವೈದ್ಯರಲ್ಲಿಗೆ ಸಾಗಿಸಬೇಕು. ಅತಿಯಾಗಿ ದುಡಿದ ಮರುದಿನ ಮೂತ್ರವು ಕಾಫಿಯ ಬಣ್ಣಕ್ಕೆ ತಿರುಗಿದರೆ ಮಾಂಸಖಂಡಗಳು ಒಳಗೊಳಗೇ ಕರಗಿ ಮೂತ್ರಪಿಂಡಕ್ಕೆ ಕೇಡಾಗುತ್ತಿದೆಯೆಂದು ತಿಳಿಯಬೇಕು.

ಉಣ್ಣಿಜ್ವರ: ಉಣ್ಣಿಗಳಿಂದ ಹರಡುವ ಜ್ವರದಲ್ಲಿ ಕೀಲುಗಳು ಊದಿ, ಇಂದು ಒಂದು ಕಾಲು ನಾಳೆ ಮತ್ತೊಂದು ಕಾಲು ಕುಂಟುವುದುಂಟು. ಮೇವು ಬಿಟ್ಟು, ವಸಡು ಬಿಳಿಚಿ, ಜ್ವರ ಬಂದಿದ್ದರೆ ರಕ್ತಪರೀಕ್ಷೆ ಮಾಡಿಸಬೇಕು.

ಬೆನ್ನುಹುರಿಯ ಆಘಾತ: ಬೆನ್ನುಮೂಳೆಗಳ ನಡುವಣ ಮೆತ್ತೆಯ ಕಣವೊಂದು ಬೆನ್ನುಹುರಿಯ ರಕ್ತನಾಳವನ್ನು ಮುಚ್ಚಿದರೆ, ಓಡುತ್ತಿದ್ದ ನಾಯಿಯು ಒಮ್ಮೆ ಕೂಗಿ ಕಾಲು ಸೋತು ಬೀಳುವುದು. ಕೆಲವು ಗಂಟೆಗಳ ಮೇಲೆ ನೋವಿರದು, ಬಲವೂ ಇರದು. ಒಂದು ಮಗ್ಗುಲು ಹೆಚ್ಚಾಗಿ ಸೋತಿರುವುದು. ಕಾಲಿನಲ್ಲಿ ಸ್ಪರ್ಶಜ್ಞಾನ ಉಳಿದಿದ್ದರೆ ಅನೇಕ ನಾಯಿಗಳು ವಾರಗಳಲ್ಲಿ ಪುನಃ ನಡೆಯುವುವು. ಆದಕಾರಣ ಇಂತಹ ನಾಯಿಯನ್ನು ಅವಸರದಿಂದ ಕೈಬಿಡಕೂಡದು.

ರಕ್ತದ ಹೆಪ್ಪು: ಹಿಂಗಾಲುಗಳು ಸೋತು, ಮುಟ್ಟಿದರೆ ತಣ್ಣಗಿದ್ದು, ತೊಡೆಯ ಒಳಗೆ ನಾಡಿ ಸಿಕ್ಕದಿದ್ದರೆ ರಕ್ತನಾಳವು ಮುಚ್ಚಿದೆಯೆಂದರ್ಥ. ಇದು ಗಳಿಗೆಯೂ ತಡೆಯಲಾಗದ ಸಂಗತಿ.

ಪ್ರಥಮ ಚಿಕಿತ್ಸೆ

ಕೆಲಸವನ್ನು ಆ ಕ್ಷಣವೇ ನಿಲ್ಲಿಸುವುದು ಮೊದಲನೆಯ ಔಷಧ. ಎರಡನೆಯದು ತಂಪು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನಾಗಲಿ, ಅದು ಸಿಕ್ಕದ ಕಡೆ ಮಡಕೆಯ ತಣ್ಣೀರಿನಲ್ಲಿ ನೆನೆಸಿದ ದಪ್ಪ ಬಟ್ಟೆಯನ್ನಾಗಲಿ, ಪೆಟ್ಟಾದ ಸ್ಥಳಕ್ಕೆ ೧೦–೧೫ ನಿಮಿಷಗಳಂತೆ ದಿನಕ್ಕೆ ಮೂರು ನಾಲ್ಕು ಸಲ, ಎರಡು ಮೂರು ದಿನ ಇಡಬೇಕು. ಇದರಿಂದ ಒಳಗಣ ರಕ್ತಸ್ರಾವವೂ ಬಾವೂ ತಗ್ಗುವುವು. ಬಾವು ಇಳಿದ ಮೇಲೆ ಮಾತ್ರ, ಮೂರು ನಾಲ್ಕು ದಿನಗಳ ಅನಂತರ, ಉಗುರುಬೆಚ್ಚಗಿನ ಶಾಖವು ಹಿತಕರ. ಮೊದಲ ದಿನವೇ ಶಾಖ ಕೊಟ್ಟು ಎಣ್ಣೆ ಹಾಕಿ ತಿಕ್ಕಿದರೆ ರಕ್ತಸ್ರಾವವು ಹೆಚ್ಚುವುದು.

ಕಾಲು ಮುರಿದಿದೆಯೆಂದು ತೋರಿದರೆ ಎಳೆದು ಸರಿಮಾಡಲು ಹೋಗದೆ, ಹಲಗೆಯ ಮೇಲೋ ಕಂಬಳಿಯ ಮೇಲೋ ಮಲಗಿಸಿ ಸಾಗಿಸಬೇಕು. ದಬ್ಬೆಗಳನ್ನು ಬಿಗಿಯಾಗಿ ಕಟ್ಟಿ ದಿನಗಟ್ಟಲೆ ಬಿಟ್ಟರೆ ರಕ್ತಸಂಚಾರ ನಿಂತು ಪಾದವು ಕೊಳೆಯುವುದು.

ಬರೆ ಹಾಕುವುದು ಕೆಲವೆಡೆ ಇನ್ನೂ ಇದೆ. ಕಾದ ಕಬ್ಬಿಣದಿಂದ ಚರ್ಮವು ಸುಡುವುದೇ ಹೊರತು ಆಳದಲ್ಲಿ ಹರಿದ ಮಾಂಸವು ಕೂಡುವುದಿಲ್ಲ. ಬರೆ ಹಾಕಿದ ಮೇಲೆ ಗುಣ ಕಂಡುದೆಲ್ಲವೂ, ಆ ನೋವಿಗೆ ನಾಯಿಯು ಕಾಲು ಊರದೆ ವಿಶ್ರಾಂತಿ ಪಡೆದುದರ ಫಲ. ವಿಶ್ರಾಂತಿಯನ್ನು ಬರೆಯಿಲ್ಲದೆಯೇ ಕೊಡಬಹುದಷ್ಟೆ.

ಮನುಷ್ಯರ ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಕೂಡದು. ಐಬುಪ್ರೊಫೇನ್, ಡೈಕ್ಲೋಫೆನಾಕ್‌ಗಳಿಂದ ನಾಯಿಯ ಜಠರದಲ್ಲಿ ಹುಣ್ಣಾಗಿ ರಕ್ತ ಹರಿಯುವುದು, ಮೂತ್ರಪಿಂಡ ಕೆಡುವುದು. ಪ್ಯಾರಸಿಟಮಾಲ್ ಅಳತೆ ಮೀರಿದರೆ ಯಕೃತ್ತು ಕೆಡುವುದು. ಡೈಕ್ಲೋಫೆನಾಕನ್ನು ಪಶುಗಳಿಗೆ ಉಪಯೋಗಿಸುವುದನ್ನು, ಸತ್ತ ದನಗಳನ್ನು ತಿಂದ ರಣಹದ್ದುಗಳು ಅದರಿಂದ ಸಾಯುವುದು ಸ್ಥಿರಪಟ್ಟ ಮೇಲೆ, ಭಾರತ ಸರ್ಕಾರವು ೨೦೦೬ರಲ್ಲಿಯೇ ನಿಷೇಧಿಸಿದೆ. ನಾಯಿಗೆ ಒಗ್ಗುವ ನೋವಿನ ಔಷಧಗಳು ಬೇರೆ ಇವೆ. ಅವುಗಳನ್ನು ತೂಕ ನೋಡಿ ಪಶುವೈದ್ಯರೇ ಕೊಡಬೇಕು. ಔಷಧದಿಂದ ನೋವು ಇಳಿದುದನ್ನು ಗುಣವೆಂದು ಭ್ರಮಿಸಿ ನಾಯಿಯನ್ನು ಬಿಡಕೂಡದು. ವೈದ್ಯರು ದೂರವಿದ್ದರೆ ಪಶು ಸಹಾಯವಾಣಿ ೧೯೬೨ಕ್ಕೆ ಕರೆ ಮಾಡಿ ವಿಚಾರಿಸಬಹುದು.

ಪುನಃ ಕೆಲಸಕ್ಕೆ ಬಿಡುವ ಕ್ರಮ

ಸಣ್ಣ ಉಳುಕಿಗೆ ಎರಡು ಮೂರು ವಾರ, ಎಳೆಗಳು ಹರಿದಿದ್ದರೆ ನಾಲ್ಕರಿಂದ ಆರು ವಾರ, ಪೂರ್ತಿ ಹರಿದು ಹೊಲಿಸಿದ್ದರೆ ಮೂರು ತಿಂಗಳಿಗೆ ಕಡಿಮೆಯಿಲ್ಲದ ವಿಶ್ರಾಂತಿ ಬೇಕು. ವಿಶ್ರಾಂತಿಯೆಂದರೆ ಅಲುಗಾಡದಂತೆ ಬಂಧಿಸುವುದೆಂದಲ್ಲ. ಮೊದಲ ವಾರ ಮಲಮೂತ್ರಕ್ಕೆ ಮಾತ್ರ ಹಗ್ಗದಲ್ಲಿ ಹಿಡಿದು ಹೊರಕ್ಕೆ ಕರೆದೊಯ್ಯಬೇಕು. ಎರಡನೆಯ ವಾರದಿಂದ ದಿನಕ್ಕೆ ಎರಡು ಮೂರು ಸಲ ಐದೈದು ನಿಮಿಷ ನಿಧಾನವಾಗಿ ನಡೆಸಿ, ವಾರಕ್ಕೆ ಐದು ನಿಮಿಷದಂತೆ ಹೆಚ್ಚಿಸುತ್ತ ಹೋಗಬೇಕು. ಅರ್ಧಗಂಟೆ ನಡೆದರೂ ಕುಂಟದಿದ್ದರೆ ಹಗ್ಗದಲ್ಲಿಯೇ ಮೆಲ್ಲಗೆ ಓಡಿಸಬಹುದು. ಅದರಲ್ಲಿಯೂ ಸರಿಯಿದ್ದರೆ ಮಾತ್ರ ಹಗ್ಗ ಬಿಚ್ಚಬೇಕು. ಪರೀಕ್ಷೆಯು ಅಂದಿನ ಸಂಜೆಯದಲ್ಲ, ಮರುದಿನ ಬೆಳಗಿನದು. ಬೆಳಗ್ಗೆ ಏಳುವಾಗ ಕಾಲು ಬಿಗಿದಿದ್ದರೆ ಒಂದು ಹೆಜ್ಜೆ ಹಿಂದಕ್ಕೆ ಸರಿದು ಹಿಂದಿನ ವಾರದ ಅಳತೆಗೆ ಇಳಿಸಬೇಕು.

ಇಲ್ಲಿ ಕುರಿಗಾರರು ಹೇಳುವ ಕಷ್ಟವು ನ್ಯಾಯವಾದದ್ದೇ. ಮಂದೆಯು ನಿಲ್ಲುವುದಿಲ್ಲ, ಮೇವು ಇದ್ದಲ್ಲಿಗೆ ಅದು ಹೋಗಲೇಬೇಕು, ನಾಯಿಯನ್ನು ಆರು ವಾರ ಕಟ್ಟುವುದೆಲ್ಲಿ? ಇದಕ್ಕೆ ಎರಡು ಉಪಾಯಗಳಿವೆ. ಎಳೆಯ ಮರಿಗಳನ್ನು ಕುದುರೆ ಕತ್ತೆಗಳ ಮೇಲೆ ಅಥವಾ ವಾಹನದಲ್ಲಿ ಸಾಗಿಸುವಾಗ ಕುಂಟುನಾಯಿಗೂ ಅಲ್ಲಿ ಸ್ಥಳ ಮಾಡಬೇಕು. ಅದು ರಾತ್ರಿ ಬೀಡಿನಲ್ಲಿ ಕಟ್ಟಿದ್ದರೂ ಬೊಗಳಿ ಎಚ್ಚರಿಸಬಲ್ಲದು. ಓಡಿಹೋಗಿ ತೋಳನನ್ನು ಅಟ್ಟುವ ಕೆಲಸಕ್ಕೆ ಮಾತ್ರ ಅದನ್ನು ಬಿಡಕೂಡದು. ಅದಕ್ಕಾಗಿಯೇ ಒಂದು ಮಂದೆಗೆ ಒಂದೇ ನಾಯಿಯನ್ನು ನಂಬದೆ, ಒಂದು ನಾಯಿ ಬಿದ್ದಾಗ ಮತ್ತೊಂದು ಇರುವಂತೆ ನೋಡಿಕೊಳ್ಳುವುದು ಎರಡನೆಯ ಉಪಾಯ.

ಬಾರದಂತೆ ತಡೆಯುವುದು

ಕೆಲಸಕ್ಕೆ ಬಿಡುವ ಮುನ್ನ ಐದು ಹತ್ತು ನಿಮಿಷ ನಡೆಸಿ ಮೈ ಕಾಯಿಸಬೇಕು. ಚಳಿಗಾಲದ ಬೆಳಗಿನಲ್ಲಿ ಇದು ವಿಶೇಷವಾಗಿ ಅಗತ್ಯ. ಉಗುರುಗಳು ನೆಲಕ್ಕೆ ತಗಲುವಷ್ಟು ಬೆಳೆಯಗೊಡಬಾರದು. ಮೂಳೆಗಳ ತುದಿಗಳು ಕೂಡಿ ಗಟ್ಟಿಯಾಗಲು ದೊಡ್ಡ ತಳಿಗಳಲ್ಲಿ ಸುಮಾರು ಒಂದು ವರ್ಷ ಬೇಕಾಗುವುದರಿಂದ, ವರ್ಷ ತುಂಬದ ಮರಿಯನ್ನು ದೂರ ಓಡಿಸಕೂಡದು. ಬೇಸಿಗೆಯಲ್ಲಿ ಮಧ್ಯಾಹ್ನದ ದುಡಿಮೆ ಬೇಡ. ನೀರು ಸದಾ ಕೈಗೆ ಸಿಕ್ಕುವಂತಿರಬೇಕು.

ಆಹಾರದಲ್ಲಿ ಎರಡು ವಿಧದ ತಪ್ಪುಗಳಿವೆ. ಮಂದೆಯ ನಾಯಿಗೆ ಬರಿಯ ರೊಟ್ಟಿ ಅಂಬಲಿ ಸಿಕ್ಕುವುದು. ಹರಿದ ಮಾಂಸ ಕೂಡುವುದಕ್ಕೆ ಹಾಲು, ಮೊಟ್ಟೆ, ಮಾಂಸ ಇವುಗಳಲ್ಲಿ ಯಾವುದಾದರೂ ಬೇಕು. ತೋಟದ ಮನೆಯ ನಾಯಿಗೆ ಅತಿಯಾದ ತಿಂಡಿ ಸಿಕ್ಕಿ ಮೈ ತೂಗುವುದು. ೨೦೦೨ರಲ್ಲಿ ಪ್ರಕಟವಾದ ಒಂದು ದೀರ್ಘಕಾಲದ ಪ್ರಯೋಗದಲ್ಲಿ ೪೮ ಲ್ಯಾಬ್ರಡಾರ್ ನಾಯಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕಾಲುಭಾಗ ಕಡಿಮೆ ಆಹಾರ ಕೊಟ್ಟು ಸಾಕಿದರು. ಕಡಿಮೆ ತಿಂದ ಗುಂಪು ಸುಮಾರು ಎರಡು ವರ್ಷ ಹೆಚ್ಚು ಬಾಳಿತು. ಅವುಗಳಿಗೆ ಕೀಲುಬೇನೆಯೂ ತಡವಾಗಿ ಬಂದಿತು. ಪಕ್ಕೆಲುಬುಗಳು ಕೈಗೆ ಸುಲಭವಾಗಿ ತಗಲುವಂತಿದ್ದರೆ ನಾಯಿಯ ಮೈ ಹದವಾಗಿದೆಯೆಂದು ಅರ್ಥ.

ಮೇಲೆ ಹೇಳಿದ ಕ್ರಮಗಳಲ್ಲಿ ಬಹುಪಾಲು ಹಣ ಖರ್ಚಿಲ್ಲದವು. ಬೇಕಾದದ್ದು ತಣ್ಣೀರು, ಒಂದು ಹಗ್ಗ, ಆರು ವಾರಗಳ ತಾಳ್ಮೆ. ಒಂದು ನಾಯಿಯನ್ನು ಮರಿಯಿಂದ ಬೆಳೆಸಿ, ಕುರಿಗೆ ಹೊಂದಿಸಿ, ಮಂದೆಯ ಕಾವಲಿಗೆ ತರುವುದಕ್ಕೆ ಒಂದೆರಡು ವರ್ಷಗಳು ಹಿಡಿಯುವುವು. ಆರು ವಾರಗಳನ್ನು ಉಳಿಸಲು ಹೋಗಿ ಆ ವರ್ಷಗಳನ್ನು ಕಳೆದುಕೊಳ್ಳುವುದು ಲಾಭದ ಲೆಕ್ಕವಲ್ಲ.